ಡಿಪೋದಲ್ಲಿ ಕೇಳಲು ಕಲಿತದ್ದು

ನಾನು ಬಸ್ ಡಿಪೋ ಮ್ಯಾನೇಜರ್ ಆದ ಮೂರನೆಯ ವರ್ಷ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಆಯ್ದ ಕೆಲವು ಅಧಿಕಾರಿಗಳ ಹತ್ತಿರ ಒಬ್ಬ ಕೋಚ್ ಬರುತ್ತಾರೆ, ಹದಿನೈದು ದಿನಕ್ಕೊಮ್ಮೆ ಒಂದೂವರೆ ತಾಸು ಕೂತು ಮಾತಾಡುತ್ತಾರೆ, ಹೀಗೆ ಆರು ಸಲ, ತಾವು ಸಹಕರಿಸಬೇಕು ಎಂದು ಅದರಲ್ಲಿ ಬರೆದಿತ್ತು. ಆಯ್ದ ಕೆಲವರಲ್ಲಿ ನಾನೇಕೆ ಇದ್ದೇನೆ ಎಂದು ಪತ್ರ ಹೇಳಿರಲಿಲ್ಲ. ಎರಡು ಸಲ ಓದಿ, ಯಾರೋ ನನ್ನ ಮೇಲೆ ಅರ್ಜಿ ಹಾಕಿರಬೇಕು ಎಂದುಕೊಂಡೆ.

ಆ ಡಿಪೋ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ. ಯಾವ ಊರಿನದು ಎಂಬುದು ಬೇಡ. ಪತ್ರದ ಸುದ್ದಿ ಅರ್ಧ ದಿನದಲ್ಲಿ ವರ್ಕ್‌ಶಾಪಿನವರೆಗೂ ಹೋಗಿತ್ತು. ನನ್ನ ಕಿಟಕಿಯ ಹೊರಗೆ ಇಬ್ಬರು ಮೆಕ್ಯಾನಿಕರು ಟೈರು ಉರುಳಿಸಿಕೊಂಡು ಹೋಗುತ್ತ ಮಾತಾಡುವುದು ಕಿವಿಗೆ ಬಿತ್ತು.

"ಸಾಹೇಬ್ರಿಗೆ ಕೋಚ್ ಬರತಾರಂತಲೇ."

"ಯಾವ ಆಟ ಕಲಸ್ತಾರಂತ? ಕಬಡ್ಡಿಯೋ ಏನ ಕುಸ್ತಿಯೋ?"

ಈಗ ನೆನೆದರೆ ನಗು ಬರುತ್ತದೆ. ಅವತ್ತು ನಗಲಿಲ್ಲ. ಎದ್ದು ಕಿಟಕಿಗೆ ಹೋಗಿ ಅವರಿಬ್ಬರು ಯಾರೆಂದು ನೋಡಿ ಬಂದು ಕೂತೆ. ಬೈಯಲಿಲ್ಲ, ಕರೆಸಲಿಲ್ಲ. ಯಾರೆಂದು ಗೊತ್ತಿರಲಿ ಅಂತ ಅಷ್ಟೆ. ಆ ದಿನಗಳಲ್ಲಿ ನಾನು ಹಾಗಿದ್ದೆ.

ಕೋಚ್ ಎಂದರೆ ಸೂಟು ಹಾಕಿಕೊಂಡು ಪರದೆಯ ಮೇಲೆ ಚಿತ್ರ ತೋರಿಸುವ ಗಂಡಸು ಎಂದು ನಾನು ಎಣಿಸಿದ್ದೆ. ಬಂದವರು ಧಾರವಾಡದ ಒಬ್ಬ ಹೆಣ್ಣುಮಗಳು, ನಲವತ್ತರ ಆಸುಪಾಸು. ಹತ್ತಿ ಸೀರೆ ಉಟ್ಟು, ಹೆಗಲಿಗೆ ಒಂದು ಬಟ್ಟೆಯ ಚೀಲ ಹಾಕಿಕೊಂಡು ಬಂದಿದ್ದರು. ಬಂದದ್ದು ಬಸ್ಸಿನಲ್ಲೇ. ಅದು ಮಾತ್ರ ನನಗೆ ಹಿಡಿಸಿತು. ಚಹಾ ತರಿಸಿದೆ. ಚಹಾ ಬರುವುದರೊಳಗೆ ಡಿಪೋದ ಕಷ್ಟಗಳನ್ನೆಲ್ಲ ಹೇಳಿಬಿಟ್ಟೆ: ಬಸ್ಸು ಹಳೆಯವು, ಬಿಡಿಭಾಗ ಸಕಾಲಕ್ಕೆ ಬರುವುದಿಲ್ಲ, ಡ್ರೈವರುಗಳು ಕಡಿಮೆ, ಇದ್ದವರಲ್ಲಿ ರಜೆ ಕೇಳುವವರೇ ಹೆಚ್ಚು, ಕೇಳಿದ ಕಾರಣಗಳಲ್ಲಿ ಖರೆ ಎಷ್ಟೋ ಸುಳ್ಳು ಎಷ್ಟೋ.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಏನನ್ನೂ ಬರೆದುಕೊಳ್ಳಲಿಲ್ಲ. ಆಮೇಲೆ ಹೇಳಿದರು, "ಇವೆಲ್ಲಾ ಡಿಪೋದ ತೊಂದ್ರಿ ಆದವ್ರಿ ಸರ್. ನಿಮ್ಮದು?"

"ನಂದೇನ್ರಿ ಮೇಡಂ, ಡಿಪೋ ಛಲೋ ನಡದ್ರ ನಾನೂ ಛಲೋ."

"ಹಂಗಂದ್ರ ಡಿಪೋ ನೆಟ್ಟಗ ನಡಿಲಾರದ ದಿನ ನಿಮಗ ಒಳಗ ಏನ ಆಗ್ತದ?"

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆಯದೆ ಹೋದಾಗ ಎದುರಿನವರು ಏನಾದರೂ ಹೇಳಿ ನಮ್ಮನ್ನು ಪಾರು ಮಾಡುತ್ತಾರೆ. ಈಕೆ ಮಾಡಲಿಲ್ಲ. ಸುಮ್ಮನೆ ಕೂತರು. ಹೊರಗೆ ಯಾವುದೋ ಬಸ್ಸಿನ ಎಂಜಿನ್ ಚಾಲೂ ಆಗಿ ಬಂದಾಯಿತು. ನಾನು ಗಡಿಯಾರ ನೋಡಿದೆ.

ಹೋಗುವಾಗ ಅವರು ಒಂದು ಕೆಲಸ ಹೇಳಿದರು. ಯಾರಾದರೂ ನನ್ನ ಕೋಣೆಯೊಳಗೆ ಕಾಲಿಟ್ಟರೆ, ಅವರು ಬಾಯಿ ತೆಗೆಯುವ ಮೊದಲು ನನ್ನ ಮನಸ್ಸಿನಲ್ಲಿ ಬಂದ ಮೊದಲನೆಯ ಮಾತು ಏನೆಂದು ಬರೆದಿಡಬೇಕು. ಚೆಂದದ ಮಾತಲ್ಲ, ಬಂದ ಮಾತು. ಯಾರಿಗೂ ತೋರಿಸಬೇಕಿಲ್ಲ, ನಿಮಗೆ ಬೇಕೆನಿಸಿದರೆ ನನಗೆ ಓದಿ ಹೇಳಿ ಎಂದರು. ಇದೆಂಥ ಹುಡುಗಾಟ ಎನಿಸಿತು. ಆದರೂ ನಾನು ಹೇಳಿದ ಕೆಲಸ ಮಾಡಿ ರೂಢಿಯಾದ ಮನುಷ್ಯ. ಹಳೆಯ ಡೈರಿಯೊಂದರ ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದೆ.

ಎರಡನೆಯ ಸಲ ಅವರು ಬಂದಾಗ ಓದಿ ಹೇಳಿದೆ. ಸೋಮವಾರ ಸ್ಟೋರಿನ ಗುಮಾಸ್ತ ಬಂದ. 'ಇವ ಏನೋ ಮುಚ್ಚಾಕ ಬಂದಾನ.' ಅದೇ ದಿನ ಮಹಿಳಾ ಕಂಡಕ್ಟರ್ ಒಬ್ಬಳು. 'ಏನ ನೆಪ ಹೇಳತಾಳೋ.' ಮಂಗಳವಾರ ಟ್ರಾಫಿಕ್ ಕಂಟ್ರೋಲರ್. 'ಯಾರದೋ ಪರ ವಹಿಸಿ ಬಂದಾನ.' ಬುಧವಾರ ನನ್ನ ಮಗ ಊರಿಗೆ ಬಂದವನು ಡಿಪೋಗೆ ಬಂದು ಮುಖ ತೋರಿಸಿದ. 'ಇವಗ ಏನ ಬೇಕಾಗೇತಿ?' ಅದನ್ನು ಓದುವಾಗ ನನ್ನ ದನಿ ತಗ್ಗಿತು. ಮಗ ಅವತ್ತು ಏನನ್ನೂ ಕೇಳಿರಲಿಲ್ಲ. ಊಟಕ್ಕೆ ಮನೆಗೆ ಕರೆದೊಯ್ಯಲು ಬಂದಿದ್ದ.

ಮೇಡಂ ಕೇಳಿದರು, "ಮುಚ್ಚಾಕ ಬಂದಾನ ಅನ್ನೋ ಈ ಮಾತು ನಿಮಗ ಎಷ್ಟ ದಿನದಿಂದ ಗೊತ್ತದ ಸರ್?"

ಪ್ರಶ್ನೆ ವಿಚಿತ್ರವಾಗಿತ್ತು. ಆದರೆ ಉತ್ತರ ಮಾತ್ರ ತಡವಿಲ್ಲದೆ ಬಂತು. ತನಿಖಾ ದಳದಲ್ಲಿದ್ದಾಗಿನಿಂದ ಎಂದೆ.

ಎಂಟು ವರ್ಷ ನಾನು ತನಿಖಾ ದಳದಲ್ಲಿದ್ದೆ. ರಸ್ತೆಯ ತಿರುವಿನಲ್ಲಿ ಜೀಪು ನಿಲ್ಲಿಸಿಕೊಂಡು ಕಾಯುವುದು, ಬರುವ ಬಸ್ಸಿಗೆ ಕೈ ಮಾಡುವುದು, ಹತ್ತಿ ಪ್ರಯಾಣಿಕರ ಟಿಕೆಟ್ ನೋಡುವುದು. ಟಿಕೆಟ್ಟಿಗಿಂತ ಮೊದಲು ಕಂಡಕ್ಟರನ ಮುಖ ನೋಡುತ್ತಿದ್ದೆ. ಕೈ ಎಲ್ಲಿದೆ, ಕಣ್ಣು ಯಾವ ಸೀಟಿನ ಕಡೆ ಓಡುತ್ತಿದೆ, ಬಾಯಿ ಒಣಗಿದೆಯೋ ಹೇಗೆ. ಆ ಕೆಲಸದಲ್ಲಿ ನಾನು ಜಾಣನಿದ್ದೆ. ನಮ್ಮ ಜೀಪು ಕಂಡರೆ ಇಡೀ ಮಾರ್ಗಕ್ಕೆ ಸುದ್ದಿ ಮುಟ್ಟುತ್ತಿತ್ತು. ಮೇಲಿನವರು ಹೊಗಳಿದರು. ಬಡ್ತಿಯೂ ಅದರಿಂದಲೇ ಬಂತು.

"ಆ ಕೆಲಸಕ್ಕ ಅದು ಬೇಕಾಗಿತ್ತು, ಹೌದಲ್ರಿ?" ಎಂದರು ಮೇಡಂ.

"ಬೇಕಾಗಿತ್ರಿ."

"ಈ ಕೆಲಸಕ್ಕ?"

"ಇದಕ್ಕೂ ಬೇಕ್ರಿ ಮೇಡಂ. ನಿಮಗ ನಮ್ಮ ಮಂದಿ ಗೊತ್ತಿಲ್ಲ."

"ಇರಬಹುದ್ರಿ," ಎಂದು ಅವರು ಚೀಲ ತೆಗೆದುಕೊಂಡು ಎದ್ದರು. ವಾದ ಮಾಡಲಿಲ್ಲ. ವಾದ ಮಾಡಿದ್ದರೆ ನಾನು ಗೆಲ್ಲುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ಇದಾಗಿ ವಾರ ಕಳೆದಿರಲಿಲ್ಲ. ಒಂದು ದಿನ ಹೊತ್ತು ಮುಳುಗುವ ವೇಳೆಗೆ ಕಂಡಕ್ಟರ್ ಒಬ್ಬನ ಫೋನು ಬಂತು. ಬಾಗಲಕೋಟೆಯಿಂದ ಮರಳುತ್ತಿದ್ದ ಬಸ್ಸನ್ನು ಡ್ರೈವರು ಅಮೀನಗಡದ ಹತ್ತಿರ ರಸ್ತೆಯ ಬದಿಗೆ ನಿಲ್ಲಿಸಿಬಿಟ್ಟಿದ್ದ. ಬಸ್ಸು ಕೆಟ್ಟಿರಲಿಲ್ಲ. ಇನ್ನು ಮುಂದೆ ಗಾಡಿ ಹೊಡೆಯುವುದಿಲ್ಲ ಎಂದು ಕೆಳಗಿಳಿದು ಕೂತಿದ್ದಾನೆ, ಬಸ್ಸಿನ ತುಂಬ ಮಂದಿ ಇದ್ದಾರೆ, ಏನು ಮಾಡಲಿ ಎಂದು ಕಂಡಕ್ಟರ್ ಕೇಳುತ್ತಿದ್ದ.

ನಾನು ಕೇಳಿದ ಮೊದಲ ಮಾತು, "ಕುಡದಾನೇನು?"

"ಇಲ್ಲರಿ ಸಾಹೇಬ್ರ," ಎಂದ ಕಂಡಕ್ಟರ್. ಬೇರೆ ಡ್ರೈವರನನ್ನು ಕಳಿಸಿದೆ. ಪ್ರಯಾಣಿಕರು ತಡವಾಗಿಯಾದರೂ ಊರು ಸೇರಿದರು. ಮರುದಿನ ಬೆಳಿಗ್ಗೆ ಆ ಡ್ರೈವರಿಗೆ ಚಾರ್ಜ್ ಮೆಮೊ ಬರೆಸಿದೆ: ಮಾರ್ಗದ ನಡುವೆ ವಾಹನ ನಿಲ್ಲಿಸಿ ಪ್ರಯಾಣಿಕರಿಗೆ ತೊಂದರೆ ಕೊಟ್ಟು ಕರ್ತವ್ಯಲೋಪ ಎಸಗಿರುತ್ತೀರಿ. ಅವನು ಬಂದು ಸಹಿ ಮಾಡಿ ತೆಗೆದುಕೊಂಡ. ಮಾತಾಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ತಪ್ಪು ಮಾಡಿದವನು ಮುಖ ನೋಡುವುದಿಲ್ಲ ಎಂದುಕೊಂಡೆ.

ಮೂರನೆಯ ಸಲ ಮೇಡಂ ಬಂದಾಗ ನಾನೇ ಈ ಸಂಗತಿ ತೆಗೆದೆ. ನನ್ನ ಮಾತಿಗೆ ಪುರಾವೆ ಸಿಕ್ಕ ಹಾಗಿತ್ತು. ಎರಡು ತಿಂಗಳ ಹಿಂದೆ ಇದೇ ಡ್ರೈವರು ಬಂದು, ಸಂಜೆ ಟ್ರಿಪ್ಪು ಬೇಡ, ಹಗಲಿನದು ಯಾವುದಾದರೂ ಕೊಡಿ ಎಂದಿದ್ದ. ಯಾಕೆ ಎಂದು ಕೇಳಿದರೆ, ಮನೆಯಲ್ಲಿ ಸ್ವಲ್ಪ ತೊಂದರೆ ಎಂದಿದ್ದ. ಹಗಲು ಎಲ್ಲರಿಗೂ ಬೇಕು ಎಂದು ಕಳಿಸಿದ್ದೆ. ಮತ್ತೊಮ್ಮೆ ಬಂದ. ಅದೇ ಮಾತು, ಅದೇ ಉತ್ತರ. ಕೊಡಲಿಲ್ಲ ಅಂತ ಈಗ ನಡುರಸ್ತೆಯಲ್ಲಿ ಹಟ ತೀರಿಸಿಕೊಂಡಿದ್ದಾನೆ ನೋಡಿ ಎಂದೆ.

"ಅವರು ನಿಮಗ ಮೊದಲಿಂದ ಗೊತ್ತೇನ್ರಿ?" ಎಂದು ಮೇಡಂ ಕೇಳಿದರು.

"ಗೊತ್ತರಿ. ನಾ ಕಂಡಕ್ಟರ್ ಇದ್ದಾಗ ಆರು ವರ್ಷ ಒಂದೇ ಬಸ್ಸಿನಾಗ ಇದ್ವಿ."

ಇದನ್ನು ನಾನು ಊರಿನ ಹೆಸರು ಹೇಳಿದಷ್ಟು ಸಾದಾ ಹೇಳಿದೆ. ಅವರು ಮುಂದಕ್ಕೆ ಬಾಗಿ, "ಆ ಆರು ವರ್ಷದ ಬಗ್ಗೆ ಹೇಳ್ರಿ ಸರ್," ಎಂದರು.

ಹೇಳುವುದೇನಿದೆ ಎಂದೇ ಸುರು ಮಾಡಿದೆ.

ಇಳಕಲ್ಲಿನಿಂದ ಬೆಳಿಗ್ಗೆ ಹೊರಟು ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲು ದಾಟಿ ಬಾದಾಮಿಗೆ ಹೋಗುವ ಬಸ್ಸು ನಮ್ಮದು. ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸ್ಸು. ಟಿಕೆಟ್ಟು ಕೈಯಲ್ಲಿ ಹರಿದು ಕೊಡುತ್ತಿದ್ದ ಕಾಲ. ಎಡಗೈಯಲ್ಲಿ ಟಿಕೆಟ್ಟಿನ ಟ್ರೇ, ಹೆಗಲಲ್ಲಿ ಚರ್ಮದ ಚೀಲ, ಬಾಯಲ್ಲಿ ಸೀಟಿ. ಅವನು ನನಗಿಂತ ಎರಡು ವರ್ಷಕ್ಕೆ ಹಿರಿಯ, ಇಳಕಲ್ಲಿನ ನೇಕಾರರ ಮನೆತನದವನು. ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡೇ ಡ್ಯೂಟಿಗೆ ಬರುವವನು. ನಾನು ಅವನನ್ನು ಅಣ್ಣಾ ಎನ್ನುತ್ತಿದ್ದೆ, ಅವನು ನನ್ನನ್ನು ತಮ್ಮಾ ಎನ್ನುತ್ತಿದ್ದ. ನನಗಿನ್ನೂ ಮದುವೆಯಾಗಿರಲಿಲ್ಲ, ಬಾಡಿಗೆ ಕೋಣೆಯಲ್ಲಿದ್ದೆ. ಅವನ ಹೆಂಡತಿ ಇಬ್ಬರಿಗೂ ಸೇರಿಸಿ ಬುತ್ತಿ ಕಟ್ಟುತ್ತಿದ್ದಳು. ಕಟಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಾದಾಮಿ ನಿಲ್ದಾಣದಲ್ಲಿ ಬಸ್ಸಿನ ನೆರಳಿಗೆ ಕೂತು ಉಣ್ಣುತ್ತಿದ್ದೆವು. ಎದುರಿಗೆ ಕೆಂಪು ಗುಡ್ಡ ಬಿಸಿಲಿಗೆ ಕಾಯುತ್ತಿರುತ್ತಿತ್ತು. ಉಂಡಾದ ಮೇಲೆ ಅವನು ಹಿಂದಿನ ಉದ್ದ ಸೀಟಿನಲ್ಲಿ ಅರ್ಧ ತಾಸು ಅಡ್ಡಾಗುತ್ತಿದ್ದ. ಯಾರೂ ಎಬ್ಬಿಸದಂತೆ ನಾನು ಬಾಗಿಲಲ್ಲಿ ಕೂತಿರುತ್ತಿದ್ದೆ.

ಆ ಮಾರ್ಗದಲ್ಲಿ ಮಂದಿ ನನಗೆ ಹೇಳದ ಮಾತಿಲ್ಲ. ಮಗಳಿಗೆ ಗಂಡು ನೋಡಲು ಹೊರಟ ಅಪ್ಪ, ಆ ಮನೆಯವರು ಹೇಗೆ ಎಂದು ನನ್ನನ್ನು ವಿಚಾರಿಸುತ್ತಿದ್ದ. ಮದುವೆಗೆ ಸೀರೆ ತೆಗೆಯಲು ಇಳಕಲ್ಲಿಗೆ ಬಂದು ಮರಳುವ ಹೆಣ್ಣುಮಕ್ಕಳು ಗಂಟು ಬಿಚ್ಚಿ ಸೆರಗು ತೋರಿಸುತ್ತಿದ್ದರು. ಐಹೊಳೆಯ ಒಬ್ಬ ತಾಯಿ ದಿನಾ ಒಂದು ಡಬ್ಬಿ ಕೊಟ್ಟು, "ಬಾದಾಮಿ ಕಾಲೇಜಿನ ಹತ್ರ ನನ್ನ ಮಗ ನಿಂತಿರತಾನಪಾ, ಅವನ ಕೈಗೆ ಕೊಡು, ಉಂಡನೋ ಇಲ್ಲೋ ಬಂದು ಹೇಳು," ಎನ್ನುತ್ತಿದ್ದಳು. ನಾನು ಬಂದು ಹೇಳುತ್ತಿದ್ದೆ. ಸೊಸೆಯ ಜಗಳ, ಮೊಮ್ಮಗನ ಜ್ವರ, ಎಮ್ಮೆ ಕರು ಹಾಕಿದ್ದು, ಎಲ್ಲವನ್ನೂ ಸೀಟು ಸೀಟಿಗೆ ನಿಂತು ಕೇಳಿಸಿಕೊಂಡು, ಬಾದಾಮಿಯಲ್ಲಿ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳುತ್ತಿದ್ದೆ. ಅವನು ಗೇರಿನ ಸಪ್ಪಳದಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡಿರುತ್ತಿದ್ದ. ಉಳಿದರ್ಧವನ್ನು ನಾನು ತುಂಬುತ್ತಿದ್ದೆ. ಮಲಪ್ರಭೆಗೆ ಹೊಸ ನೀರು ಬಂದ ದಿನ ಪಟ್ಟದಕಲ್ಲಿನ ಹತ್ತಿರ ಅವನು ಬಸ್ಸನ್ನು ನಿಧಾನ ಮಾಡುತ್ತಿದ್ದ. ಎಲ್ಲರೂ ಆ ಕಡೆಯ ಕಿಟಕಿಗೆ ಬಾಗಿ ನೀರು ನೋಡುವವರೆಗೆ.

ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದೆ. ಮೇಡಂ ನನ್ನತ್ತ ನೀರಿನ ಗ್ಲಾಸು ಸರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಆ ಕಂಡಕ್ಟರಿಗೆ ಫೋನ್ ಬಂದಿದ್ರ ಮೊದಲ ಮಾತು ಏನ ಇರ್ತಿತ್ರಿ?"

ಏನಿರುತ್ತಿತ್ತು ಎಂದು ನನಗೆ ಗೊತ್ತಿತ್ತು. 'ಅಣ್ಣಾಗ ಏನಾತು?' ಎಂದು ಇರುತ್ತಿತ್ತು. ಆರು ವರ್ಷ ಅವನ ಪಕ್ಕ ಕೂತು ಉಂಡವನಿಗೆ ಅವನು ಕುಡಿಯುವವನಲ್ಲ ಎಂದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಬಾಯಲ್ಲಿ ಆ ಮಾತೇ ಬಂತು. ಅವತ್ತು ಚಹಾ ಹಾಗೇ ಆರಿಹೋಯಿತು. ಮೇಡಂ ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಮುಂದಿನ ಸಲ ಕೋಣೆಯಲ್ಲಿ ಬೇಡ, ನಿಮ್ಮ ಆ ಹಳೆಯ ಮಾರ್ಗದ ಬಸ್ಸಿನಲ್ಲಿ ಹೋಗೋಣ ಎಂದಷ್ಟೇ ಹೇಳಿದರು.

ಹಾಗೆ ನಾಲ್ಕನೆಯ ಸಲ ನಾವು ಬಾದಾಮಿ ಬಸ್ಸು ಹತ್ತಿದೆವು. ಎಷ್ಟೋ ವರ್ಷದಿಂದ ನಾನು ಸಾದಾ ಪ್ರಯಾಣಿಕನಾಗಿ ಬಸ್ಸು ಹತ್ತಿರಲಿಲ್ಲ. ಮೇಡಂ ಹೆಣ್ಣುಮಕ್ಕಳ ಸೀಟಿನಲ್ಲಿ ಕೂತರು, ನಾನು ಎರಡು ಸಾಲು ಹಿಂದೆ. ಕಂಡಕ್ಟರ್ ನನ್ನನ್ನು ನೋಡಿದ. ನೋಡಿದ ಕೂಡಲೇ ಅವನ ಕೈ ಅಂಗಿಯ ಗುಂಡಿಗೆ ಹೋಯಿತು. ಅಲ್ಲಿಯವರೆಗೆ ಮುಂದಿನ ಸೀಟಿನ ಮುದುಕನೊಡನೆ ನಗುನಗುತ್ತ ಮಾತಾಡುತ್ತಿದ್ದವನು ಮಾತು ನಿಲ್ಲಿಸಿ ಟಿಕೆಟ್ ಮಷೀನಿನಲ್ಲಿ ಮುಖ ಹುದುಗಿಸಿದ. ಹುನಗುಂದ ದಾಟಿತು, ಅಮೀನಗಡ ದಾಟಿತು, ಅವನು ಯಾರೊಂದಿಗೂ ಬೇಡದ ಒಂದು ಮಾತಾಡಲಿಲ್ಲ. ಮುದುಕ ಎರಡು ಸಲ ಮಾತಿಗೆಳೆದು ಉತ್ತರ ಬಾರದೆ ಸುಮ್ಮನಾದ. ನಾನು ಏನೂ ಮಾಡಿರಲಿಲ್ಲ, ಕೂತಿದ್ದೆ ಅಷ್ಟೆ. ನಾನು ಕೂತಿದ್ದಕ್ಕೇ ಇಡೀ ಬಸ್ಸು ಬಾಯಿ ಮುಚ್ಚಿಕೊಂಡಿತ್ತು.

ಬಾದಾಮಿಯಲ್ಲಿ ಇಳಿದಾಗ ಮೇಡಂ, "ಏನ ಕಂಡ್ರಿ ಸರ್?" ಎಂದರು.

"ನನ್ನ ಕಂಡ್ರ ಹೆದರತಾರ್ರಿ," ಎಂದೆ. ಇಷ್ಟು ವರ್ಷ ಅದನ್ನು ಮರ್ಯಾದೆ ಎಂದು ತಿಳಿದಿದ್ದೆ.

"ಈಗ ನಿಮಗ ಏನ ಮಾಡಬೇಕ ಅನಸ್ತದ?"

"ಇಳಕಲ್ಲಿಗೆ ಹೋಗಬೇಕ್ರಿ." ಅದಕ್ಕಿಂತ ಹೆಚ್ಚಿಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಇಳಕಲ್ಲಿನಲ್ಲಿ ಅಣ್ಣನ ಮನೆಯ ಓಣಿ ಹೆಚ್ಚು ಬದಲಾಗಿರಲಿಲ್ಲ. ಒರಟು ಕಲ್ಲಿನ ಹಳೆಯ ಕಟ್ಟೆಗಳು ಇದ್ದಲ್ಲಿ ಗ್ರಾನೈಟು ಬಂದಿತ್ತು, ಆದರೆ ಮಗ್ಗದ ಖಟ್ ಖಟ್ ಸಪ್ಪಳ ನಾಲ್ಕಾರು ಮನೆಗಳಿಂದಲಾದರೂ ಬರುತ್ತಿತ್ತು. ಬಾಗಿಲಲ್ಲಿ ನಿಂತೆ. ಒಳಗೆ ಕುಣಿಮಗ್ಗದಲ್ಲಿ ಕೂತು ಅವನ ಹೆಂಡತಿ ನೇಯುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕೈ ನಿಲ್ಲಿಸಿದಳು.

"ಬರ್ರಿ ಸಾಹೇಬ್ರ," ಎಂದಳು.

"ವೈನಿ, ಆರಾಮ ಅದೀರಿ?" ಎಂದೆ. ಅಣ್ಣನ ಹೆಂಡತಿ ಎಂದು ಅವಳನ್ನು ನಾನು ಮೊದಲಿಂದ ವೈನಿ ಎನ್ನುತ್ತಿದ್ದೆ.

"ಆರಾಮ ಅದೀವ್ರಿ." ಗಂಡನನ್ನು ಕರೆದು, ಚಾಪೆ ಹಾಸಿ, ನೀರು ಕೊಟ್ಟಳು. ಒಳಗೆ ಹೋಗದೆ ಗೋಡೆಗೆ ಒರಗಿ ನಿಂತಳು. ಅವನು ಬಂದು ಎದುರಿಗೆ ಕೂತ. ಹಣೆಯಲ್ಲಿ ವಿಭೂತಿ ಇತ್ತು. ಬೆಳಕಿನ ಕಡೆಗೆ ಮುಖ ಮಾಡಿದಾಗ ಕಣ್ಣು ಕಿರಿದು ಮಾಡುತ್ತಿದ್ದ. ಡಿಪೋದಲ್ಲಿ ಎಷ್ಟೋ ಸಲ ಹೀಗೆ ಮಾಡುವುದನ್ನು ನಾನು ಕಂಡಿದ್ದೆ. ಕಂಡು, ಕಣ್ಣು ತಪ್ಪಿಸುತ್ತಿದ್ದಾನೆ ಎಂದುಕೊಂಡಿದ್ದೆ.

"ಏನಾಗೇತಿ ಅಣ್ಣಾ?" ಎಂದೆ. ಆ ಮಾತು ನನ್ನ ಬಾಯಿಂದ ಬಂದು ಎಷ್ಟು ವರ್ಷವಾಗಿತ್ತೋ.

ಅವನು ಹೆಂಡತಿಯ ಕಡೆ ಒಮ್ಮೆ ನೋಡಿ ಹೇಳಿದ, "ಸಂಜಿ ಆದ್ರ ಎದುರಿಗೆ ಬರೂ ಗಾಡಿ ಲೈಟ್ ಒಡದ ಒಡದ ಕಾಣಸ್ತಾವ್ರಿ. ಒಂದ ಲೈಟ್ ನಾಕ ಆಗಿ ಕಾಣಸ್ತೈತಿ. ಅವತ್ತ ಒಬ್ಬ ಸೈಕಲ್‌ನ್ಯಾಂವ ನನಗ ಕಾಣಲಿಲ್ಲ. ಕಡೀಕ ಅವನ ಅಂಗಿ ಬಿಳಿ ಇತ್ತಂತ ಕಂಡಿತು. ಬಸ್ ನಿಂದ್ರಿಸಿದೆ. ಐವತ್ತ ಮಂದಿ ಜೀವ ಐತಿ ಹಿಂದ. ಇನ್ನ ನಾ ಹೊಡಿಯಾಂಗಿಲ್ಲ ಅಂದೆ."

"ನನ್ನ ಮುಂದ ಹೇಳಬಾರದೇನ? ಎರಡ ಸಲ ಬಂದಿ. ನಾ ಕೇಳಿದೆ, ಯಾಕ ಅಂತ."

"ಕೇಳಿದ್ರಿ, ಖರೆ," ಎಂದ ಅವನು. "ಉತ್ತರಾ ಕೈಯಾಗ ಹಿಡಕೊಂಡ ಕೇಳಿದ್ರಿ. ನಾ ಕಣ್ಣ ಅಂದ್ರ, ಡ್ಯೂಟಿ ತಪ್ಪಸಾಕ ನಾಟಕ ಅಂತೀರಿ ಅಂತ ಅನಿಸ್ತು. ಇಲ್ಲಾ ಅನ್‌ಫಿಟ್ ಅಂತ ಬರದ ಮನಿಗೆ ಕಳಸ್ತೀರಿ ಅಂತ ಅನಿಸ್ತು. ರಿಟೈರ್ ಆಗಾಕ ಇನ್ನೊಂದ ವರ್ಷ ಅಷ್ಟ ಉಳದಿತ್ತು."

ಆಗ ಗೋಡೆಗೆ ಒರಗಿ ನಿಂತಿದ್ದ ಅವನ ಹೆಂಡತಿ ಹೇಳಿದಳು, "ಕುಡದಾನೇನು ಅಂತ ಕೇಳಿದ್ರಂತಲ್ರಿ. ಕಂಡಕ್ಟರನ ಮಗ್ಗಲದಾಗ ಇವ್ರು ಕೂತಿದ್ರಂತ. ಫೋನಿನಾಗ ಕೇಳಿಸಿತಂತ. ಮನಿಗೆ ಬಂದು ಎರಡ ದಿನ ಸರಿ ಉಣಲಿಲ್ರಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತು. ನಾನು ಎದ್ದು ಅವನ ಕೈ ಹಿಡಿದುಕೊಂಡೆ. "ತಪ್ಪಾತು ಅಣ್ಣಾ," ಎಂದೆ. "ತಪ್ಪಾತು ವೈನಿ."

"ಆತು ಬಿಡ್ರಿ," ಎಂದ ಅವನು. ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಊಟ ಮಾಡಿ ಹೋಗಿ ಎಂದರು. ಉಂಡೆ. ರುಚಿ ಅದೇ ಇತ್ತು. ಬಡಿಸುವಾಗ ಅವಳು ಮೊದಲಿನ ಹಾಗೆ ಇನ್ನೊಂದು ರೊಟ್ಟಿಗೆ ಒತ್ತಾಯ ಮಾಡಲಿಲ್ಲ.

ಮರುದಿನ ನಾನೇ ಅವನನ್ನು ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಕರೆದೊಯ್ದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಮಾಡಿದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಒಂದು ಕಣ್ಣಿನದು ಆಗಿ, ತಿಂಗಳ ಮೇಲೆ ಇನ್ನೊಂದರದೂ ಆಯಿತು. ಇತ್ತ ನಾನು ಮೆಮೊ ಹಿಂದಕ್ಕೆ ತೆಗೆದುಕೊಂಡೆ. ಸುಮ್ಮನೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ, ಕಾರಣ ಬರೆಯಬೇಕು. ಡ್ರೈವರು ಬಸ್ಸು ನಿಲ್ಲಿಸಿದ್ದು ಸರಿ, ಅದಕ್ಕೂ ಮೊದಲು ಎರಡು ಸಲ ಹಗಲು ಡ್ಯೂಟಿ ಕೇಳಿದಾಗ ನಾನು ಸರಿಯಾಗಿ ವಿಚಾರಿಸದೆ ನಿರಾಕರಿಸಿದ್ದು ತಪ್ಪು ಎಂದು ಬರೆದೆ. ಕಡತ ತಂದ ಗುಮಾಸ್ತ ಓದಿ, "ಸಾಹೇಬ್ರ, ಹಿಂಗ ಬರಿಬ್ಯಾಡ್ರಿ," ಎಂದ. ಅವನಿಗೆ ನನ್ನ ಮೇಲೆ ಅಷ್ಟು ಕಾಳಜಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹಾಗೇ ಇರಲಿ ಎಂದೆ. ಮೇಲಿನ ಕಚೇರಿ ನನ್ನಿಂದ ವಿವರಣೆ ಕೇಳಿತು. ಕೊಟ್ಟೆ. ಮುಂದೆ ಎಚ್ಚರ ವಹಿಸತಕ್ಕದ್ದು ಎಂದು ಒಂದು ಸಾಲು ನನ್ನ ಸೇವಾ ಪುಸ್ತಕದಲ್ಲಿ ಸೇರಿತು. ನಿವೃತ್ತಿಯವರೆಗೂ ಅದು ಅಲ್ಲಿತ್ತು.

ಐದನೆಯ ಮಾತುಕತೆಯ ಹೊತ್ತಿಗೆ ಇನ್ನೂ ಎರಡನೆಯ ಕಣ್ಣಿನ ಆಪರೇಶನ್ ಆಗಿರಲಿಲ್ಲ; ಅಲ್ಲಿಯವರೆಗೆ ಆದದ್ದನ್ನು ಮೇಡಂಗೆ ಹೇಳಿದೆ. ಕಡೆಗೆ, "ಈಗ ಸರಿ ಆದೆ ಅನಸ್ತೈತಿ," ಎಂದೆ. ಅವರು ನಕ್ಕರು. ಎಂಟು ವರ್ಷ ಬೆಳೆಸಿದ ಅಭ್ಯಾಸ ಎರಡು ತಿಂಗಳಲ್ಲಿ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ, ಬಂದಾಗ ಬಂತು ಎಂದು ಗುರುತು ಹಿಡಿದರೆ ಸಾಕು ಎಂದರು. ಆರನೆಯ ಸಲ ನಾವು ಹೆಚ್ಚು ಮಾತಾಡಲಿಲ್ಲ. ಬಿಡುವಾಗ ಅಮೀನಗಡದ ಕರದಂಟಿನ ಪೊಟ್ಟಣ ಕೊಟ್ಟೆ. ಧಾರವಾಡದವರು ಪೇಡೆ ಬಿಟ್ಟರೆ ಬೇರೆ ತಿನ್ನುವುದಿಲ್ಲ ಎಂದು ಕೇಳಿದ್ದೇನೆ ಎಂದೆ. ಬಸ್ಸಿನಲ್ಲೇ ತಿಂದು ಮುಗಿಸುತ್ತೇನೆ ಎಂದರು. ಆಮೇಲೆ ಅವರನ್ನು ನಾನು ಕಂಡಿಲ್ಲ. ನನ್ನ ಜೊತೆ ಇದೇ ತರಬೇತಿ ಪಡೆದ ಬೇರೆ ಡಿಪೋದ ಗೆಳೆಯರೊಬ್ಬರು, "ಏನ ಮಾರಾಯ, ಆರ ಸಲ ಚಹಾ ಕುಡದು ಹೋದ್ರು," ಎಂದರು. ಅವರ ಮಟ್ಟಿಗೆ ಅದೂ ಖರೆ ಇರಬಹುದು.

ಡಿಪೋದಲ್ಲಿ ದೊಡ್ಡದೇನೂ ಬದಲಾಗಲಿಲ್ಲ. ಕೋಣೆಯಲ್ಲಿ ನನ್ನ ಮೇಜಿನ ಎದುರಿಗೆ ಸಿಬ್ಬಂದಿಗೆಂದು ಎರಡು ಕುರ್ಚಿ ಹಾಕಿಸಿದೆ. ಅಲ್ಲಿಯವರೆಗೆ ಅವರು ನಿಂತೇ ಮಾತಾಡುತ್ತಿದ್ದರು. ಮೊದಮೊದಲು ಕೂಡಲು ಒಪ್ಪುತ್ತಿರಲಿಲ್ಲ. ಒಂದು ದಿನ ಮಹಿಳಾ ಕಂಡಕ್ಟರ್ ಒಬ್ಬಳು ಕುರ್ಚಿಯ ತುದಿಯಲ್ಲಿ ಕೂತು, ಹೆಣ್ಣುಮಕ್ಕಳ ವಿಶ್ರಾಂತಿ ಕೋಣೆಯ ಬಾಗಿಲಿಗೆ ಚಿಲಕವಿಲ್ಲ ಎಂದಳು. ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ವರ್ಷದಿಂದ ಎಂದಳು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಕಾಯುತ್ತೇವೆ ಎಂದಳು. ನನ್ನ ಕೋಣೆಯಿಂದ ಅಲ್ಲಿಗೆ ನಲವತ್ತು ಹೆಜ್ಜೆ ಕೂಡ ಇರಲಿಲ್ಲ.

"ನನ್ನ ಮುಂದ ಯಾಕ ಹೇಳಲಿಲ್ಲವಾ?"

"ಹೇಳಬೇಕ ಅಂತ ಅನಿಸಲಿಲ್ರಿ ಸರ್," ಎಂದಳು, ನೆಲ ನೋಡುತ್ತ. ಅವತ್ತು ಮಧ್ಯಾಹ್ನದೊಳಗೆ ಚಿಲಕ ಬಿತ್ತು.

ನನ್ನ ಹಳೆಯ ಜೊತೆಗಾರ ಕಣ್ಣು ನೆಟ್ಟಗಾದ ಮೇಲೆ ಉಳಿದ ತಿಂಗಳುಗಳನ್ನು ಹಗಲಿನ ಬಾದಾಮಿ ಮಾರ್ಗದಲ್ಲೇ ಕಳೆದ. ಡಿಪೋದಲ್ಲಿ ಎದುರಾದರೆ ನಮಸ್ಕಾರ್ರಿ ಸಾಹೇಬ್ರ ಎನ್ನುತ್ತಿದ್ದ. ತಮ್ಮಾ ಎಂದು ಮತ್ತೆ ಕರೆಯಲಿಲ್ಲ. ನಾನು ಅದನ್ನು ಕೇಳಿ ಪಡೆಯುವ ಹಾಗಿರಲಿಲ್ಲ. ಅವನ ಮೊಮ್ಮಗಳ ಮದುವೆ ಹುನಗುಂದದಲ್ಲಿ ಆಯಿತು, ನಾನೂ ಆಗ ನಿವೃತ್ತನಾಗಿದ್ದೆ, ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಬೀಗರಿಗೆ ಪರಿಚಯ ಮಾಡಿಸುವಾಗ ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, "ಇವ್ರು ನನ್ನ ಬಸ್ಸಿನ ಕಂಡಕ್ಟರ್ ಇದ್ರು," ಎಂದ. ಮ್ಯಾನೇಜರ್ ಆಗಿದ್ದೆ ಎಂಬುದನ್ನು ಹೇಳಲಿಲ್ಲ. ಬೀಗರು, ಹಂಗಾ ಎಂದು ತಲೆ ಆಡಿಸಿ ನನ್ನನ್ನು ಊಟಕ್ಕೆ ಏಳಿಸಿದರು.

ಈಗ ನಾವು ಬಾಗಲಕೋಟೆಯ ನವನಗರದಲ್ಲಿದ್ದೇವೆ. ಸೊಸೆ ಇಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮೊನ್ನೆ ಸಾಲೆಯಿಂದ ಬಂದವಳು ಚೀಲ ಇಡದೆ ನನ್ನ ಎದುರಿಗೆ ನಿಂತು, "ಮಾವಾರ, ನಿಮ್ಮ ಮುಂದ ಒಂದ ಮಾತು ಹೇಳಬೇಕಾಗೇತ್ರಿ," ಎಂದಳು. ಅವಳು ಬಾಯಿ ತೆರೆಯುವ ಮೊದಲೇ ನನ್ನ ಒಳಗೆ ಆ ಮಾತು ಬಂತು, 'ಏನ ಮುಚ್ಚತಾಳ ಇಕಿ?' ಇಷ್ಟು ವರ್ಷವಾದರೂ ಬರುತ್ತದೆ. ಬಂದಿದ್ದನ್ನು ನೋಡಿದೆ. ಹೋಗುವವರೆಗೆ ಸುಮ್ಮನಿದ್ದೆ.

"ಕೂಡವಾ," ಎಂದೆ. "ಏನಾತು?"

ಅವಳು ಚೀಲ ಕೆಳಗಿಟ್ಟು ಕೂತಳು. ಹೊಸ ಮುಖ್ಯೋಪಾಧ್ಯಾಯರು ತನ್ನ ಒಂದು ಮಾತನ್ನೂ ನಂಬುವುದಿಲ್ಲ, ಆ ಸಾಲೆ ಬಿಡಬೇಕೆನಿಸಿದೆ ಎಂದು ಹೇಳತೊಡಗಿದಳು. ಹೆಂಡತಿ ಅಡುಗೆ ಮನೆಯಿಂದ ಚಹಾ ತಂದಿಟ್ಟು ಹೋದಳು. ನಾನು ಕೇಳುತ್ತ ಕೂತೆ.